ಹಳೆ ಗೋವಾದ ಚರ್ಚುಗಳು: ಹೊರಡುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆಗಳು

ಗೋವಾಕ್ಕೆ ಹೊರಟ ನೆಂಟರಿಷ್ಟರು ಕಡಲತೀರದ ವಿಚಾರವಾಗಿ ನನ್ನನ್ನು ಏನೂ ಕೇಳುವುದಿಲ್ಲ. ಅದೆಲ್ಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಹಳೆ ಗೋವಾದ ಚರ್ಚುಗಳ ಮಾತು ಬಂದಾಗ ಮಾತ್ರ ಫೋನ್ ಮಾಡುತ್ತಾರೆ: ನಮ್ಮನ್ನು ಒಳಗೆ ಬಿಡುತ್ತಾರೆಯೇ, ಚಪ್ಪಲಿ ಎಲ್ಲಿ ಬಿಡಬೇಕು, ಕ್ರೈಸ್ತ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹ ನಿಜವಾಗಿಯೂ ಕಾಣುತ್ತದೆಯೇ? ಪ್ರತಿ ಸಲವೂ ಅವೇ ಪ್ರಶ್ನೆಗಳು. ಅದಕ್ಕೇ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಹಳೆ ಗೋವಾ ಎಂದರೆ ಪಣಜಿಯ ಹಳೆಯ ಪೇಟೆಯೇ?

ಅಲ್ಲ. ಹಳದಿ, ನೀಲಿ ಬಣ್ಣದ ಮನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದು ಪಣಜಿಯ ಫೌಂಟೇನ್ಹಾಸ್. ಹಳೆ ಗೋವಾ ಬೇರೆಯೇ ಊರು. ಪಣಜಿಯಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಮಾಂಡವಿ ನದಿಯ ದಂಡೆಯ ಮೇಲಿದೆ. ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಈ ಬಂದರು ಪಟ್ಟಣವನ್ನು ಪೋರ್ಚುಗೀಸ್ ಸೇನಾನಿ ಅಫೊನ್ಸೊ ಡಿ ಅಲ್ಬುಕರ್ಕ್ 1510ರ ನವೆಂಬರ್ 25ರಂದು ವಶಪಡಿಸಿಕೊಂಡ. ಮುಂದೆ ಅದು ಪೂರ್ವ ದೇಶಗಳಲ್ಲಿದ್ದ ಪೋರ್ಚುಗೀಸ್ ವಸಾಹತುಗಳಿಗೆಲ್ಲ ರಾಜಧಾನಿಯಾಯಿತು. ಆದರೆ ರೋಗರುಜಿನಗಳು ಊರನ್ನು ಬಿಡಲಿಲ್ಲ. ಸಾಂಕ್ರಾಮಿಕಗಳು ಮೇಲಿಂದ ಮೇಲೆ ಎರಗಿ ಜನ ಚದುರಿಹೋದರು. 1759ರಲ್ಲಿ ವೈಸರಾಯ್ ತನ್ನ ವಾಸವನ್ನೇ ಪಣಜಿಗೆ ಬದಲಾಯಿಸಿದ. 1843ರಲ್ಲಿ ಪಣಜಿ ಅಧಿಕೃತವಾಗಿ ರಾಜಧಾನಿಯಾಯಿತು. ಬಿಟ್ಟುಹೋದ ಕಟ್ಟಡಗಳ ಕಲ್ಲುಗಳೂ ಹೊಸ ಊರು ಕಟ್ಟುವುದಕ್ಕೆ ಸಾಗಿದವು. ಉಳಿದವು ಚರ್ಚುಗಳು ಮತ್ತು ಮಠಗಳು. 1986ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹುಲ್ಲುಹಾಸಿನ ಮಧ್ಯೆ ಇಷ್ಟು ದೊಡ್ಡ ಚರ್ಚುಗಳು ಒಂದರ ಪಕ್ಕ ಒಂದು ಏಕೆ ನಿಂತಿವೆ, ಊರೆಲ್ಲಿ ಎಂದು ಮೊದಲ ಸಲ ಹೋದವರಿಗೆ ಅನ್ನಿಸುತ್ತದೆ. ಆ ಹುಲ್ಲುಹಾಸೇ ಊರಾಗಿತ್ತು.

ಕರ್ನಾಟಕದಿಂದ ಹೋಗುವುದು ಹೇಗೆ?

ಹುಬ್ಬಳ್ಳಿ ಕಡೆಯಿಂದ ರಾಮನಗರ, ಅನಮೋಡ ಘಟ್ಟ, ಮೊಲೆಮ್, ಫೋಂಡಾ ಮೂಲಕ ರಸ್ತೆಯಲ್ಲಿ ಬಂದರೆ ಪಣಜಿಗಿಂತ ಮೊದಲೇ ಹಳೆ ಗೋವಾ ಸಿಗುತ್ತದೆ. ಹೋಟೆಲಿಗೆ ಹೋಗಿ, ಸಾಮಾನು ಇಟ್ಟು, ಮರುದಿನ ಅದೇ ದಾರಿಯಲ್ಲಿ ಹಿಂದಿರುಗಿ ಬರುವವರನ್ನು ನೋಡಿದ್ದೇನೆ. ಬೆಳಗ್ಗೆ ಬಂದು ತಲುಪುವಂತಿದ್ದರೆ ನೇರ ಇಲ್ಲಿಯೇ ಇಳಿಯಿರಿ. ಮಂಗಳೂರು, ಕಾರವಾರದ ಕಡೆಯವರಿಗೆ ಕೊಂಕಣ ರೈಲಿನ ಕರ್ಮಲಿ ನಿಲ್ದಾಣ ತೀರಾ ಹತ್ತಿರ. ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಸುವಾಗಲೇ ನೋಡಿಕೊಳ್ಳಿ. ಪಣಜಿಯಲ್ಲಿ ತಂಗಿದವರಿಗೆ ಕದಂಬ ಬಸ್ ನಿಲ್ದಾಣದಿಂದ ಬಸ್ಸುಗಳು ಬೇಕಾದಷ್ಟಿವೆ. ರಿಬಂದರ್ ಊರಿನ ಮೇಲೆ ಹೋಗುವ ಬಸ್ಸಾದರೆ ಇನ್ನೂ ಒಳ್ಳೆಯದು. ಆ ದಾರಿಯಲ್ಲಿ ಉಪ್ಪಿನ ಗದ್ದೆಗಳ ನಡುವೆ ಹಾಯುವ ಕಲ್ಲಿನ ಏರಿಯನ್ನು ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿದರು. ಈಗಲೂ ಬಸ್ಸು ಅದರ ಮೇಲೆಯೇ ಓಡುತ್ತದೆ.

ಎಷ್ಟು ಹೊತ್ತು ಬೇಕಾಗುತ್ತದೆ?

ಅರ್ಧ ದಿನ ಬೇಕು. ಅದಕ್ಕಿಂತ ಕಡಿಮೆ ಎಂದು ಯಾರಾದರೂ ಹೇಳಿದರೆ ಅವರು ನಿಮ್ಮನ್ನು ಬೇರೆಲ್ಲಿಗೋ ಒಯ್ಯುವ ಆತುರದಲ್ಲಿದ್ದಾರೆ ಎಂದರ್ಥ. ನಾನು ಮೊದಲ ಸಲ ಹೋದದ್ದು ಪ್ರವಾಸದ ಬಸ್ಸಿನಲ್ಲಿ. ನಲವತ್ತು ನಿಮಿಷ ಕೊಟ್ಟಿದ್ದರು. ಕ್ಸೇವಿಯರರ ದೇಹವಿರುವ ಬೋಂ ಜೀಸಸ್ ಬೆಸಿಲಿಕಾ ಎಂಬ ದೊಡ್ಡ ಚರ್ಚಿನ ಸಾಲಿನಲ್ಲೇ ಇಪ್ಪತ್ತೈದು ನಿಮಿಷ ಕಳೆಯಿತು, ಎದುರಿಗಿರುವ, ಆರ್ಚ್‌ಬಿಷಪ್ಪರ ಮುಖ್ಯ ಚರ್ಚಾದ ಸೆ ಕೆಥೆಡ್ರಲ್‌ನ ಬಾಗಿಲಿಗೆ ಹೋಗಿ ಇಣುಕುವಷ್ಟರಲ್ಲಿ ಡ್ರೈವರ್ ಹಾರ್ನ್ ಬಾರಿಸಲು ಶುರು ಮಾಡಿದ್ದ. ಆಮೇಲೆ ಸ್ವಂತವಾಗಿ ಹೋದಾಗಲೇ ನನಗೆ ಹಳೆ ಗೋವಾ ಕಂಡದ್ದು.

ಯಾವ ಕಾಲ, ಯಾವ ದಿನ ಒಳ್ಳೆಯದು?

ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ, ಜನಸಂದಣಿಯೂ ಆಗಲೇ ಹೆಚ್ಚು. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಗಳು ನೀರು ಕುಡಿದು ಕಡುಗೆಂಪಾಗುತ್ತವೆ, ಸಂದುಗಳಲ್ಲಿ ಹಸಿರು ಪಾಚಿ ಹಬ್ಬುತ್ತದೆ. ಒದ್ದೆಯಾಗಲು ಸಿದ್ಧವಿದ್ದರೆ ಜುಲೈಯೇ ಚೆಂದ ಎಂಬುದು ನನ್ನ ಅಭಿಪ್ರಾಯ. ಮನೆಯವರು ಒಪ್ಪುವುದಿಲ್ಲ.

ದಿನದಲ್ಲಿ ಬೆಳಗ್ಗೆ ಒಂಬತ್ತರ ಸುಮಾರಿಗೆ ತಲುಪುವುದು ಲೇಸು. ಹನ್ನೊಂದರ ಹೊತ್ತಿಗೆ ಬಸ್ಸುಗಳು ಬಂದು ನಿಲ್ಲುತ್ತವೆ. ಭಾನುವಾರ ಬೆಳಗ್ಗೆ ಬಲಿಪೂಜೆಗಳು (ಚರ್ಚಿನ ಮುಖ್ಯ ಆರಾಧನೆ, ಮಾಸ್) ಇರುವುದರಿಂದ ಪ್ರವಾಸಿಗರಿಗೆ ತಡವಾಗಿ, ಹತ್ತೂವರೆಯ ಸುಮಾರಿಗೆ ಪ್ರವೇಶ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ಅದಕ್ಕೆ ಮುನ್ನ ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆಗಳು ನಡೆಯುತ್ತವೆ. ಜಾತ್ರೆ ನೋಡುವ ಆಸೆಯಿದ್ದರೆ ಆಗ ಬನ್ನಿ, ಕಟ್ಟಡ ನೋಡುವ ಆಸೆಯಿದ್ದರೆ ಆ ದಿನಗಳನ್ನು ಬಿಟ್ಟುಬಿಡಿ.

ಕ್ರೈಸ್ತರಲ್ಲದವರನ್ನು ಒಳಗೆ ಬಿಡುತ್ತಾರೆಯೇ?

ಬಿಡುತ್ತಾರೆ. ಜಾತಿ, ಮತ ಯಾರೂ ಕೇಳುವುದಿಲ್ಲ. ಬೆಸಿಲಿಕಾಕ್ಕೂ ಕೆಥೆಡ್ರಲ್‌ಗೂ ಪ್ರವೇಶಧನವಿಲ್ಲ. ವಸ್ತುಸಂಗ್ರಹಾಲಯಗಳಿಗೆ ಮಾತ್ರ ಟಿಕೆಟ್.

ಚಪ್ಪಲಿ ಬಿಡಬೇಕೇ? ಎಂಥ ಬಟ್ಟೆ ಹಾಕಬೇಕು?

ಚಪ್ಪಲಿ ಬಿಡಬೇಕಾಗಿಲ್ಲ. ಇದನ್ನು ಎಷ್ಟು ಹೇಳಿದರೂ ನಮ್ಮ ಹಿರಿಯರು ನಂಬುವುದಿಲ್ಲ, ಹೊಸ್ತಿಲ ಹತ್ತಿರ ಬಂದಾಗ ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತದೆ. ಬರಿಗಾಲಲ್ಲಿ ಹೋದರೂ ಯಾರೂ ತಡೆಯುವುದಿಲ್ಲ, ಬಿಟ್ಟ ಚಪ್ಪಲಿಯ ಮೇಲೆ ಒಂದು ಕಣ್ಣಿರಲಿ. ತಲೆಯ ಮೇಲಿನ ಟೋಪಿಯನ್ನು ಮಾತ್ರ ಗಂಡಸರು ತೆಗೆಯಬೇಕು.

ಬಟ್ಟೆಯ ವಿಷಯದಲ್ಲಿ ಕಟ್ಟುನಿಟ್ಟಿದೆ. ತೋಳಿಲ್ಲದ ಮೇಲಂಗಿ, ಮೊಣಕಾಲಿನ ಮೇಲೆ ನಿಲ್ಲುವ ಚಡ್ಡಿ ಆಗದು. ಕಡಲತೀರದಿಂದ ನೇರ ಬರುವವರು ಬಾಗಿಲಲ್ಲಿ ಪೆಚ್ಚಾಗಿ ನಿಲ್ಲುವುದು ಇದೇ ಕಾರಣಕ್ಕೆ. ಒಂದು ಶಾಲು, ಒಂದು ಪಂಚೆ ಚೀಲದಲ್ಲಿದ್ದರೆ ಕೆಲಸ ಆಗುತ್ತದೆ.

ಬಾಗಿಲ ಬಳಿ ಬಟ್ಟಲಲ್ಲಿರುವ ನೀರು ಏನು?

ಮಂತ್ರಿಸಿದ ನೀರು. ಕ್ರೈಸ್ತರು ಅದರಲ್ಲಿ ಬೆರಳ ತುದಿ ಅದ್ದಿ, ಹಣೆಯಿಂದ ಎದೆಗೆ, ಭುಜದಿಂದ ಭುಜಕ್ಕೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಉಳಿದವರು ಸುಮ್ಮನೆ ದಾಟಿ ಹೋಗಬಹುದು. ನಮ್ಮ ಸೋದರತ್ತೆ ಒಮ್ಮೆ ಅದನ್ನು ತೀರ್ಥವೆಂದುಕೊಂಡು ಅಂಗೈಯಲ್ಲಿ ಬೊಗಸೆ ಮಾಡಿ ಕುಡಿದೇಬಿಟ್ಟರು, ಮಿಕ್ಕ ಹನಿಗಳನ್ನು ತಲೆಗೂ ಸವರಿಕೊಂಡರು. ಪಕ್ಕದಲ್ಲಿದ್ದ ಗೋವಾದ ಅಜ್ಜಿಯೊಬ್ಬರು ನಕ್ಕು, ಸೋದರತ್ತೆಯ ಭುಜ ತಟ್ಟಿದರು. ಅಲ್ಲಿಗೆ ವಿಷಯ ಮುಗಿಯಿತು. ಆದರೂ ಹತ್ತಾರು ಜನ ಬೆರಳದ್ದಿದ ನೀರು ಅದು, ಕುಡಿಯಬೇಡಿ.

ನಾವು ಹೋದಾಗ ಪೂಜೆ ನಡೆಯುತ್ತಿದ್ದರೆ?

ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಇಲ್ಲವೇ ಹೊರಗೆ ಕಾಯಿರಿ. ಆ ಹೊತ್ತಿನಲ್ಲಿ ಸುತ್ತಾಡಬಾರದು. ಇವು ಸ್ಮಾರಕಗಳಾದರೂ ನಿತ್ಯ ಪೂಜೆ ನಡೆಯುವ ಗುಡಿಗಳೇ. ಎಲ್ಲರೂ ಎದ್ದು ನಿಂತಾಗ ನೀವೂ ನಿಂತರೆ ಮರ್ಯಾದೆ. ಮಂಡಿಯೂರುವಾಗ ನೀವು ಊರಲೇಬೇಕೆಂದಿಲ್ಲ, ಸುಮ್ಮನೆ ಕುಳಿತಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಪೂಜೆಯ ಕೊನೆಯ ಭಾಗದಲ್ಲಿ ಜನ ಸಾಲಾಗಿ ಹೋಗಿ ಗುರುಗಳಿಂದ ಬಿಳಿಯ ತೆಳುವಾದ ರೊಟ್ಟಿಯ ಬಿಲ್ಲೆ ಪಡೆಯುತ್ತಾರೆ. ಅದು ಪರಮಪ್ರಸಾದ. ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವಂಥದ್ದಲ್ಲ. ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಅದು ಸಾಕ್ಷಾತ್ ಕ್ರಿಸ್ತನ ಶರೀರ. ಸಾಲು ಕಂಡ ಕೂಡಲೇ ಭಕ್ತಿಯಿಂದ ಹೋಗಿ ನಿಲ್ಲುವುದು ನಮ್ಮವರ ಒಳ್ಳೆಯ ಗುಣವೇ ಆದರೂ ಇಲ್ಲಿ ಅದನ್ನು ಹತ್ತಿಕ್ಕಿಕೊಳ್ಳಬೇಕು.

ಫೋಟೋ ತೆಗೆಯಬಹುದೇ?

ಕಟ್ಟಡದ ಫೋಟೋ ತೆಗೆಯಬಹುದು. ಒಳಗೆ ಬಲಿಪೀಠದ ಮುಂದೆ ನಿಂತು ತಮ್ಮದೇ ಚಿತ್ರ ತೆಗೆಸಿಕೊಳ್ಳುವುದಕ್ಕೆ ಮಾತ್ರ ಅಡ್ಡಿಯಿದೆ, ಬಾಗಿಲಲ್ಲಿರುವ ಫಲಕ ಓದಿಕೊಳ್ಳಿ. ಪ್ರಾರ್ಥಿಸುತ್ತಿರುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಫ್ಲ್ಯಾಶ್ ಬೇಡ. ಟ್ರೈಪಾಡ್ ಬಳಸುವುದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹ ಕಾಣುತ್ತದೆಯೇ?

ಹೆಚ್ಚಿನವರು ಇದೊಂದಕ್ಕಾಗಿಯೇ ಬರುತ್ತಾರೆ, ಮತ್ತು ಹೆಚ್ಚಿನವರು ಸ್ವಲ್ಪ ನಿರಾಶರಾಗುತ್ತಾರೆ. ಬೋಂ ಜೀಸಸ್ ಬೆಸಿಲಿಕಾದ ಬಲಗಡೆಯ ಚಿಕ್ಕ ಗುಡಿಯಲ್ಲಿ, ಎತ್ತರದ ಅಮೃತಶಿಲೆಯ ಕಟ್ಟೆಯ ಮೇಲೆ ಬೆಳ್ಳಿಯ ಸಂಪುಟವಿದೆ. ದೇಹವಿರುವುದು ಅದರೊಳಗೆ. ಕೆಳಗಿನಿಂದ ಕತ್ತೆತ್ತಿ ನೋಡಬೇಕು, ಸಂಪುಟವೇ ಚೆನ್ನಾಗಿ ಕಾಣುತ್ತದೆ, ದೇಹವಲ್ಲ. ಸ್ಪಷ್ಟವಾಗಿ ನೋಡಬೇಕೆಂದರೆ ಹತ್ತು ವರ್ಷಕ್ಕೊಮ್ಮೆ ನಡೆಯುವ ಸಾರ್ವಜನಿಕ ದರ್ಶನಕ್ಕೆ ಕಾಯಬೇಕು. ಆಗ ದೇಹವನ್ನು ಎದುರಿನ ಸೆ ಕೆಥೆಡ್ರಲ್‌ಗೆ ಒಯ್ದು ಇಡುತ್ತಾರೆ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ವಾಡಿಕೆಯ ಲೆಕ್ಕದಲ್ಲಿ ಮುಂದಿನದು 2034ಕ್ಕೆ.

ಆ ದೇಹದ ಪ್ರಯಾಣವೇ ಒಂದು ಕಥೆ. ಚೀನಾದ ಒಳಗೆ ಹೋಗಬೇಕೆಂದು ಹೊರಟಿದ್ದ ಕ್ಸೇವಿಯರರು ಅದರ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ 1552ರ ಡಿಸೆಂಬರ್ 3ರಂದು ತೀರಿಕೊಂಡರು. ಮೊದಲು ಅಲ್ಲಿಯೇ ಹೂಳಿದರು, ಆಮೇಲೆ ಮಲಾಕ್ಕಾಕ್ಕೆ ಒಯ್ದರು, 1554ರಲ್ಲಿ ಗೋವಾಕ್ಕೆ ತಂದರು. ದೇಹ ಕೆಟ್ಟಿಲ್ಲ ಎಂಬ ಸುದ್ದಿಗೆ ಜನ ಮುಗಿಬಿದ್ದರು. ಭಕ್ತೆಯೊಬ್ಬಳು ಪಾದಕ್ಕೆ ಮುತ್ತಿಡುವ ನೆಪದಲ್ಲಿ ಕಾಲ್ಬೆರಳನ್ನೇ ಕಚ್ಚಿ ಒಯ್ದಳು ಎಂಬ ಕಥೆಯೂ ಇದೆ. 1614ರಲ್ಲಿ ಬಲಗೈಯ ಮುಂದೋಳನ್ನು ರೋಮಿಗೆ ಕಳುಹಿಸಿದರು, ಅದು ಅಲ್ಲಿನ ಜೆಸು ಚರ್ಚಿನಲ್ಲಿದೆ. 1622ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ನಿರಾಶರಾದವರಿಗೆ ನಾನು ಹೇಳುವುದಿಷ್ಟೇ: ಸಂಪುಟದ ಕೆಳಗಿನ ಕಟ್ಟೆಯನ್ನು ನೋಡಿ. ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಡಿ ಮೆಡಿಚಿ ಅದನ್ನು ಕಾಣಿಕೆಯಾಗಿ ಕೊಟ್ಟ. ಸಂತರ ತಲೆಯ ಅಡಿಯಲ್ಲಿದ್ದ ದಿಂಬನ್ನು ಅವನಿಗೆ ಕೊಟ್ಟಿದ್ದರು, ಅದಕ್ಕೆ ಪ್ರತಿಯಾಗಿ ಬಂದದ್ದು ಇದು. ಫ್ಲಾರೆನ್ಸಿನ ಶಿಲ್ಪಿ ಜೊವಾನಿ ಬತ್ತಿಸ್ತಾ ಫೊಗ್ಗಿನಿ ಹತ್ತು ವರ್ಷ ಕೆತ್ತಿದ. ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದು 1698ರಲ್ಲಿ ಇಲ್ಲಿ ಜೋಡಣೆಯಾಯಿತು. ನಾಲ್ಕು ಕಡೆ ಕಂಚಿನ ಉಬ್ಬುಚಿತ್ರಗಳಿವೆ, ಅವುಗಳಲ್ಲೊಂದು ಸಂತರ ಸಾವಿನ ದೃಶ್ಯ. ಮೇಲಿನ ಬೆಳ್ಳಿ ಸಂಪುಟವಾದರೋ ಗೋವಾದ ಅಕ್ಕಸಾಲಿಗರೇ 1636-37ರಲ್ಲಿ ಮಾಡಿದ್ದು. ಕೆಳಗೆ ಇಟಲಿಯ ಉಳಿ, ಮೇಲೆ ಗೋವಾದ ಸುತ್ತಿಗೆ. ಸಾಲು ನಿಮ್ಮನ್ನು ಮುಂದೆ ತಳ್ಳುವ ಮೊದಲು ಇಷ್ಟನ್ನಾದರೂ ನೋಡಿಕೊಳ್ಳಿ.

ಬೆಸಿಲಿಕಾ ಕೆಂಪಗಿದೆ, ಎದುರಿನ ಕೆಥೆಡ್ರಲ್ ಬೆಳ್ಳಗಿದೆ. ಏಕೆ?

ಇದನ್ನು ಯಾರಾದರೂ ಕೇಳಿದರೆ ನನಗೆ ಖುಷಿ. ಕಲ್ಲು ಎರಡಕ್ಕೂ ಒಂದೇ, ಮುರಕಲ್ಲು. ಜಂಬಿಟ್ಟಿಗೆ ಎಂದರೂ ಅದೇ. ಅಗೆದಾಗ ಮೆದುವಾಗಿದ್ದು ಗಾಳಿ ತಗುಲಿದ ಮೇಲೆ ಗಟ್ಟಿಯಾಗುವ, ಮೈತುಂಬ ತೂತುಗಳಿರುವ ಕಲ್ಲು. ಕರಾವಳಿಯಲ್ಲಿ ಮನೆ ಕಟ್ಟಿಸಿದವರಿಗೆ ಇದರ ಗುಣ ಗೊತ್ತು, ಮಳೆಯನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಇಲ್ಲಿನ ಚರ್ಚುಗಳಿಗೆಲ್ಲ ಸುಣ್ಣದ ಗಾರೆ ಮೆತ್ತುತ್ತಿದ್ದರು, ವರ್ಷವರ್ಷ ಸುಣ್ಣ ಬಳಿಯುತ್ತಿದ್ದರು. 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಯಾದ ಬೆಸಿಲಿಕಾಕ್ಕೂ ಗಾರೆಯ ಹೊದಿಕೆ ಇತ್ತು. 1950ರ ದಶಕದಲ್ಲಿ, ಇನ್ನೂ ಪೋರ್ಚುಗೀಸರ ಆಳ್ವಿಕೆ ಇದ್ದಾಗ, ಹಳೆಯದಾಗಿ ಕಾಣಲಿ ಎಂದು ಅದನ್ನು ಕೆತ್ತಿ ತೆಗೆದರು. ಈಗ ಪ್ರವಾಸಿಗರಿಗೆ ಆ ಕೆಂಪೇ ಬೆಸಿಲಿಕಾದ ಗುರುತು. ಗಾರೆಯಿಲ್ಲದ ಕಲ್ಲು ಪ್ರತಿ ಮಳೆಗಾಲದಲ್ಲೂ ಸವೆಯುತ್ತಿದೆ, ಮತ್ತೆ ಗಾರೆ ಹಾಕಬೇಕು ಎಂದು ಸಂರಕ್ಷಣಾ ತಜ್ಞರು ಹೇಳುತ್ತ ಬಂದಿದ್ದಾರೆ.

ಹತ್ತಿರ ಹೋಗಿ ಪಕ್ಕದ ಗೋಡೆಯನ್ನು ನೋಡಿ. ಕಲ್ಲುಗಳ ಅಂಚು ದುಂಡಗಾಗಿದೆ, ಕೆಲವು ತೂತುಗಳಲ್ಲಿ ಹೆಬ್ಬೆರಳು ಹಿಡಿಸುವಷ್ಟು ಆಳವಿದೆ. ಮುಂಭಾಗದ ಕಂಬ, ಕಮಾನು, ಶಿಖರದ ಫಲಕಕ್ಕೆ ಮುಂಬಯಿ ಬಳಿಯ ವಸೈನಿಂದ ತಂದ ಕಪ್ಪು ಕಲ್ಲು ಬಳಸಿದ್ದಾರೆ. ಅದರ ಕೆತ್ತನೆ ಇನ್ನೂ ಚೂಪಾಗಿದೆ. ಒಂದೇ ಗೋಡೆಯ ಮೇಲೆ ಎರಡು ಕಲ್ಲುಗಳ ಆಯುಸ್ಸು ಎದ್ದು ಕಾಣುತ್ತದೆ.

ಸೆ ಕೆಥೆಡ್ರಲ್‌ಗೆ ಒಂದೇ ಗೋಪುರವೇಕೆ?

ಎರಡಿದ್ದವು, 1776ರಲ್ಲಿ ಒಂದು ಕುಸಿಯಿತು, ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿರುವುದು ಚಿನ್ನದ ಗಂಟೆ ಎಂದು ಹೆಸರಾದ ದೊಡ್ಡ ಗಂಟೆ. ಹೆಸರು ಅದರ ನಾದಕ್ಕೆ ಬಂದದ್ದು. ಅಲ್ಬುಕರ್ಕ್ ಗೋವಾ ಗೆದ್ದ ದಿನ ಸಂತ ಕ್ಯಾಥರೀನಳ ಹಬ್ಬವಾಗಿತ್ತು, ಹಾಗಾಗಿ ಕೆಥೆಡ್ರಲ್ ಅವಳ ಹೆಸರಿನಲ್ಲಿದೆ. 1562ರಲ್ಲಿ ತೊಡಗಿದ ಕಟ್ಟಡ 1619ಕ್ಕೆ ಮುಗಿಯಿತು. ಸುಮಾರು 76 ಮೀಟರ್ ಉದ್ದವಿದೆ. ಮುಖ್ಯ ಪೀಠದ ಚಿನ್ನದ ಲೇಪದ ಫಲಕಗಳಲ್ಲಿ ಅವಳ ಬದುಕು ಮತ್ತು ಬಲಿದಾನದ ದೃಶ್ಯಗಳಿವೆ.

ಇಲ್ಲಿ ಧಾರ್ಮಿಕ ನ್ಯಾಯಾಲಯ ಇತ್ತಂತೆ, ನಿಜವೇ?

ನಿಜ. ಪೋರ್ಚುಗೀಸರ ಇನ್‌ಕ್ವಿಸಿಶನ್ ಗೋವಾದಲ್ಲಿ 1560ರಿಂದ 1812ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ನಡೆಯಿತು. ಮತಾಂತರಗೊಂಡ ಮೇಲೂ ಹಳೆಯ ಆಚರಣೆಗಳನ್ನು ಬಿಟ್ಟಿಲ್ಲ ಎಂಬ ಅನುಮಾನಕ್ಕೆ ಒಳಗಾದವರು ಅದರ ಮುಖ್ಯ ಗುರಿ. ಅದರ ಕಟ್ಟಡ ಕೆಥೆಡ್ರಲ್‌ನ ಬಳಿಯ ಚೌಕದಲ್ಲಿತ್ತು, ಈಗ ಏನೂ ಉಳಿದಿಲ್ಲ. ಶಿಕ್ಷೆ ಸಾರುವ ದಿನ ಮೊಳಗುತ್ತಿದ್ದದ್ದು ಈಗ ಹೇಳಿದ ಅದೇ ಚಿನ್ನದ ಗಂಟೆ. ಕೆಲವು ಗೈಡುಗಳು ಈ ಮಾತನ್ನು ಹಾರಿಸಿಬಿಡುತ್ತಾರೆ, ಇನ್ನು ಕೆಲವರು ಉಪ್ಪುಖಾರ ಹಚ್ಚುತ್ತಾರೆ.

ಚರ್ಚಿನ ನೆಲದಲ್ಲಿ ಬರಹವಿರುವ ಕಲ್ಲುಗಳೇಕಿವೆ? ತುಳಿಯಬಹುದೇ?

ಅವು ಸಮಾಧಿಗಳು. ಪೀಠಕ್ಕೆ ಹತ್ತಿರ ಹೂಳಿಸಿಕೊಳ್ಳುವುದು ಆ ಕಾಲದ ಸಿರಿವಂತರ ಆಸೆ. ಕೆಥೆಡ್ರಲ್‌ನ ಹಿಂದಿರುವ ಸಂತ ಅಸ್ಸಿಸಿಯ ಫ್ರಾನ್ಸಿಸ್ ಚರ್ಚಿನಲ್ಲಿ ಇಂಥ ಕಲ್ಲುಗಳೇ ನೆಲ. ತುಳಿಯದೆ ನಡೆಯುವುದು ಸಾಧ್ಯವಿಲ್ಲ, ತುಳಿದರೆ ತಪ್ಪೂ ಇಲ್ಲ.

ನಾನು ಅಲ್ಲಿ ಹೋದಾಗಲೆಲ್ಲ ಮೇಲೆ ನೋಡುವುದನ್ನು ಬಿಟ್ಟು ಕೆಳಗೆ ನೋಡುತ್ತೇನೆ. ಕುಕ್ಕರಗಾಲಲ್ಲಿ ಕುಳಿತರೆ ಅಕ್ಷರಗಳು ಕಾಣುತ್ತವೆ. ‘ಸೆಪುಲ್ತುರಾ’ ಎಂದರೆ ಸಮಾಧಿ. ಆಮೇಲೆ ಹೆಸರು, ಅದರ ಮುಂದೆ ಹಲವು ಕಲ್ಲುಗಳಲ್ಲಿ ‘ಮತ್ತು ಇವನ ವಾರಸುದಾರರದು’ ಎಂಬ ಒಕ್ಕಣೆ. ಜಾಗದ ಪತ್ರ ಮಾಡಿಸಿದಂತೆ! ಮನೆತನದ ಲಾಂಛನ, ಶಿರಸ್ತ್ರಾಣ, ಕೆಲವದರ ಮೇಲೆ ತಲೆಬುರುಡೆ, ಅದರಡಿ ಅಡ್ಡಡ್ಡ ಎರಡು ಎಲುಬು. ನಡುದಾರಿಯಲ್ಲಿರುವ ಕಲ್ಲುಗಳ ಲಾಂಛನ ಸವೆದು ನುಣುಪಾಗಿದೆ, ಗೋಡೆಯಂಚಿನವು ನಿನ್ನೆ ಕೆತ್ತಿದಂತಿವೆ.

ಪೋರ್ಚುಗೀಸರಿಗಿಂತ ಹಿಂದಿನದು ಏನಾದರೂ ಉಳಿದಿದೆಯೇ?

ಸಂತ ಕಯೆಟಾನ್ ಚರ್ಚಿನ ಆವರಣದ ಹತ್ತಿರ ಒಂದು ಕಪ್ಪು ಕಲ್ಲಿನ ಬಾಗಿಲುವಾಡ ಒಂಟಿಯಾಗಿ ನಿಂತಿದೆ. ಆದಿಲ್‌ಶಾಹಿ ಅರಮನೆಯ ಉಳಿಕೆ ಎನ್ನುವುದು ಅದನ್ನೇ. ಕೆತ್ತನೆ ಮಾತ್ರ ದೇವಸ್ಥಾನದ ಬಾಗಿಲವಾಡದಂತಿದೆ. ಅಸ್ಸಿಸಿ ಚರ್ಚಿಗೆ ಅಂಟಿಕೊಂಡ ಮಠದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ವೀರಗಲ್ಲು, ದೇವರ ಮೂರ್ತಿಗಳು ಒಂದೆಡೆ, ಪೋರ್ಚುಗೀಸ್ ವೈಸರಾಯ್‌ಗಳ ಭಾವಚಿತ್ರಗಳ ಉದ್ದ ಸಾಲು ಇನ್ನೊಂದೆಡೆ. ಅನಮೋಡ ಘಟ್ಟದ ದಾರಿಯಲ್ಲಿ ಬರುವವರು ತಂಬಡಿ ಸುರ್ಲಾದ ಮಹಾದೇವ ದೇವಾಲಯವನ್ನೂ ನೋಡಿ ಬರಬಹುದು. ಅದು ಕದಂಬರ ಕಾಲದ್ದು.

ಸಂತ ಅಗಸ್ಟೀನರ ಗೋಪುರಕ್ಕೆ ಹತ್ತಿ ಹೋಗುವುದು ಸಾರ್ಥಕವೇ?

ಖಂಡಿತ. ಗುಡ್ಡದ ಮೇಲಿನ ಈ ಅವಶೇಷಕ್ಕೆ ಬಸ್ಸಿನವರು ಬರುವುದು ಕಡಿಮೆ. 1602ರಲ್ಲಿ ಮುಗಿದ ಚರ್ಚು ಇದು. 1835ರಲ್ಲಿ ಸಂನ್ಯಾಸಿಗಳನ್ನು ಹೊರಹಾಕಿದ ಮೇಲೆ ದಿಕ್ಕಿಲ್ಲದಾಯಿತು. 1842ರಲ್ಲಿ ಚಾವಣಿಯ ಕಮಾನು ಬಿತ್ತು, 1931ರಲ್ಲಿ ಮುಂಭಾಗ ಕುಸಿಯಿತು. ಸುಮಾರು 46 ಮೀಟರ್ ಎತ್ತರವಿದ್ದ ಗೋಪುರದ ಒಂದು ಪಾಲು ಸೀಳಿದಂತೆ ಮೇಲೆದ್ದು ನಿಂತಿದೆ. ಇದರ ಗಂಟೆಯನ್ನು ನೀವು ಆಗಲೇ ನೋಡಿರಬಹುದು. ಪಣಜಿಯಲ್ಲಿ ಅಂಕುಡೊಂಕು ಮೆಟ್ಟಿಲುಗಳ ಬಿಳಿ ಚರ್ಚಿನ ನೆತ್ತಿಯಲ್ಲಿ 1871ರಿಂದ ತೂಗುತ್ತಿರುವುದು ಅದೇ.

ಜಾರ್ಜಿಯಾ ದೇಶದ ರಾಣಿ ಕೆಟೆವಾನಳ ಅಸ್ಥಿ ಸಿಕ್ಕಿದ್ದೂ ಇಲ್ಲಿಯೇ. ಕ್ರೈಸ್ತ ಮತ ಬಿಡಲು ಒಪ್ಪದ ಅವಳನ್ನು 1624ರಲ್ಲಿ ಪರ್ಶಿಯಾದ ಶಿರಾಜ್‌ನಲ್ಲಿ ಕೊಂದರು. ಅಗಸ್ಟೀನ್ ಪಂಥದ ಸಂನ್ಯಾಸಿಗಳು ಅಸ್ಥಿಯನ್ನು ಗೋವಾಕ್ಕೆ ತಂದರು. ಉತ್ಖನನದಲ್ಲಿ ಸಿಕ್ಕ ಮೂಳೆಯನ್ನು ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದರು, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು.

ವಯಸ್ಸಾದವರು, ಮಕ್ಕಳು ಜೊತೆಗಿದ್ದಾರೆ. ಕಷ್ಟವಾಗುತ್ತದೆಯೇ?

ಬೆಸಿಲಿಕಾ, ಕೆಥೆಡ್ರಲ್, ಅಸ್ಸಿಸಿ ಚರ್ಚು ಮೂರೂ ರಸ್ತೆಯ ಎರಡು ಬದಿಗೆ, ಸಮತಟ್ಟಾದ ನೆಲದಲ್ಲಿವೆ. ಬಿಸಿಲೇ ತೊಂದರೆ. ಛತ್ರಿ, ನೀರು ಇರಲಿ. ರಸ್ತೆ ದಾಟುವಾಗ ಮಕ್ಕಳ ಕೈ ಹಿಡಿದುಕೊಳ್ಳಿ. ಅಗಸ್ಟೀನರ ಗುಡ್ಡಕ್ಕೆ ವಾಹನ ಹೋಗುತ್ತದೆ, ಆದರೆ ಮೇಲಿನ ನೆಲ ತಗ್ಗುದಿಣ್ಣೆ.

ನಮಗೆ ಒಂದೇ ಗಂಟೆಯಿದೆ. ಏನು ನೋಡಲಿ?

ಬೆಸಿಲಿಕಾದ ಮುಂದೆ ಸಾಲು ಉದ್ದವಿದ್ದರೆ ಅದರಲ್ಲಿ ನಿಲ್ಲಬೇಡಿ. ಹೊರಗಿನ ಗೋಡೆ ನೋಡಿ, ಕೆಥೆಡ್ರಲ್‌ನ ಒಳಗೆ ಹತ್ತು ನಿಮಿಷ ಕುಳಿತು, ನದಿಯ ಕಡೆ ನಡೆಯಿರಿ. ದಾರಿಯಲ್ಲಿ ಸಂತ ಕಯೆಟಾನ್ ಚರ್ಚು ಸಿಗುತ್ತದೆ. ರೋಮಿನ ಸಂತ ಪೀಟರ್ ಬೆಸಿಲಿಕಾವನ್ನು ಮಾದರಿಯಾಗಿಟ್ಟುಕೊಂಡು 1661ರಲ್ಲಿ ಮುಗಿಸಿದ ಕಟ್ಟಡ. ಕಟ್ಟಿದ ಥಿಯೇಟಿನ್ ಪಂಥದ ಸಂನ್ಯಾಸಿಗಳು ನಿಜಕ್ಕೂ ಹೊರಟಿದ್ದು ಗೋಲ್ಕೊಂಡಕ್ಕೆ, ಅಲ್ಲಿ ಪ್ರವೇಶ ಸಿಗದೆ ಇಲ್ಲಿ ನೆಲೆಯೂರಿದರು. ಗುಮ್ಮಟದ ನಡುವಿಗೆ ಸರಿಯಾಗಿ ಕೆಳಗೊಂದು ಬಾವಿಯಿದೆ, ಮುಚ್ಚಿದ್ದಾರೆ. ಅಲ್ಲಿಂದ ಸ್ವಲ್ಪವೇ ಮುಂದೆ ವೈಸರಾಯ್‌ಗಳ ಕಮಾನು. ವಾಸ್ಕೊ ಡ ಗಾಮನ ನೆನಪಿಗೆ ಅವನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ ತಾನು ವೈಸರಾಯ್ ಆಗಿದ್ದಾಗ ಕಟ್ಟಿಸಿದ್ದು. ಈಗಿನದು 1954ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಕಮಾನು. ಹೊಸ ವೈಸರಾಯ್ ಹಡಗಿನಿಂದಿಳಿದು ಇದರಡಿಯಲ್ಲೇ ಊರೊಳಗೆ ಬರುತ್ತಿದ್ದ. ಈಗ ದಿವಾರ್ ದ್ವೀಪದ ಫೆರ್ರಿಯಿಂದ ಇಳಿದವರು ಸ್ಕೂಟರ್ ಮೇಲೆ, ಮೀನಿನ ಬುಟ್ಟಿ ಹಿಂದಕ್ಕೆ ಕಟ್ಟಿಕೊಂಡು, ಅದೇ ಕಮಾನಿನಡಿ ಹಾದುಹೋಗುತ್ತಾರೆ.